ಆ ಕೋಳಿ ತಿನ್ನೋರು ಯಾರು ಅಂತ ಮೊದಲು ಕೇಳ್ರಿ

ತೊಗರಿ ರಾಶಿ ಮುಗಿದು ಖಾತೆಗೆ ರೊಕ್ಕ ಬೀಳೋ ಹೊತ್ತಿಗೆ ನಮ್ಮ ಕುಸನೂರ ಕಡೆ ಫೋನಿಗೆ ಇಂಥ ಮೆಸೇಜು ಬರ್ತಾವ: ‘ಎರಡು ಲಕ್ಷ ಹಾಕಿ ನಮ್ಮ ಫ್ರಾಂಚೈಸಿ ತಗೊಳ್ಳಿ. ಮರಿ ನಮ್ದು, ಮಾರ್ಕೆಟ್ ನಮ್ದು, ತಿಂಗಳ ಆದಾಯ ಖಚಿತ.’ ಒಮ್ಮೆ ಆಡು, ಒಮ್ಮೆ ಕೋಳಿ, ಒಮ್ಮೆ ಹಾಲಿನ ಪಾರ್ಲರ್. ನನಗ ಬಂದ ಇಂಥ ಮೆಸೇಜಿನಾಗ ಒಂದರಾಗೂ ಆ ಮಾಲನ್ನ ಕೊನೆಗೆ ಯಾರು ಕೊಳ್ತಾರ ಅಂತ ಬರೆದಿದ್ದು ನೋಡಿಲ್ಲ.

ಎಮು ಹಕ್ಕಿಯ ಕಥೆ ವಾಟ್ಸಾಪ್ ನೋಡಿ ಬೆಳೆದ ಹುಡುಗರಿಗೆ ಅಷ್ಟು ಗೊತ್ತಿರಲಿಕ್ಕಿಲ್ಲ. ತಮಿಳುನಾಡಿನ ಈರೋಡ್ ಜಿಲ್ಲೆಯ ಪೆರುಂದುರೈನಲ್ಲಿ ಸುಸಿ ಎಮು ಫಾರ್ಮ್ಸ್ ಅಂತ ಒಂದು ಕಂಪನಿ ಇತ್ತು. ಒಂದೂವರೆ ಲಕ್ಷ ಕಟ್ಟಿದರೆ ಆರು ಮರಿ, ಶೆಡ್, ಮೇವು ಕೊಡ್ತೀವಿ. ತಿಂಗಳಿಗೆ 6,000 ರೂಪಾಯಿ, ವರ್ಷಕ್ಕೆ 20,000 ಬೋನಸ್. ಎರಡು ವರ್ಷ ಆದ ಮೇಲೆ ಕಟ್ಟಿದ ಹಣ ಪೂರಾ ವಾಪಸ್ ಅಂತ ಹೇಳಿತ್ತು. ಫೋನಿನಾಗಿನ ಕ್ಯಾಲ್ಕುಲೇಟರ್ ತೆಗೀರಿ. 24 ತಿಂಗಳಿಗೆ 1,44,000, ಬೋನಸ್ 40,000, ಒಟ್ಟು 1,84,000. ಅಂದ್ರ ಮೇವು-ಶೆಡ್ಡಿನ ಖರ್ಚು ಬಿಟ್ಟೇ ಒಂದೊಂದು ಹಕ್ಕಿ ಆ ಕಂಪನಿಗೆ ಮೂವತ್ತು ಸಾವಿರದ ಮ್ಯಾಲ ದುಡಿದು ಕೊಡಬೇಕಿತ್ತು. ಎಮು ಮಾಂಸ ತಿನ್ನೋರು ನಮ್ಮ ದೇಶದಾಗ ಎಷ್ಟು ಮಂದಿ ಅದಾರ? ಹಳಬರಿಗೆ ರೊಕ್ಕ ಬರ್ತಿದ್ದದ್ದು ಹೊಸದಾಗಿ ಸೇರೋರ ಠೇವಣಿಯಿಂದ. 2012ರ ಆಗಸ್ಟಿನಲ್ಲಿ ಅದು ಕುಸಿದು ಬಿತ್ತು, ಹಕ್ಕಿಗಳು ಶೆಡ್ಡಿನಾಗ ಉಪವಾಸ ನಿಂತವು.

ಇದಾಗಿ ಏಳು ವರ್ಷಕ್ಕೆ ನಮ್ಮ ಗಡಿಯಾಚೆ ಸಾಂಗ್ಲಿ ಜಿಲ್ಲೆಯ ಇಸ್ಲಾಂಪುರದಲ್ಲಿ ಅದೇ ಆಟ, ಹಕ್ಕಿ ಮಾತ್ರ ಬೇರೆ. ಕಡಕ್‌ನಾಥ್ ಕೋಳಿ ಏನೂ ಖೊಟ್ಟಿ ಅಲ್ಲ, ಮಧ್ಯಪ್ರದೇಶದ ಝಾಬುವಾದ ಆ ಕರಿ ಕೋಳಿಗೆ 2018ರಲ್ಲಿ ಜಿಐ ಮಾನ್ಯತೆ ಸಿಕ್ಕಿತ್ತು. ಅದರ ಹೆಸರು ಓಡುತ್ತಿದ್ದಾಗಲೇ ಮಹಾರಯತ್ ಅಗ್ರೋ ಕಂಪನಿ ಮರಿ ಕೊಟ್ಟು, ಮೊಟ್ಟೆ-ಕೋಳಿಯನ್ನು ದೊಡ್ಡ ದರಕ್ಕೆ ನಾವೇ ವಾಪಸ್ ಕೊಳ್ತೀವಿ ಅಂತ ರೈತರಿಂದ ಹಣ ಕಟ್ಟಿಸಿಕೊಂಡಿತು. ಖರೀದಿ ನಿಂತಿತು. 2019ರಲ್ಲಿ ವಂಚನೆಯ ಪ್ರಕರಣ ದಾಖಲಾಯಿತು, ಸಿಟ್ಟಿಗೆದ್ದವರು ಮುಖ್ಯಮಂತ್ರಿಯ ಯಾತ್ರೆಯ ವಾಹನಗಳ ಮೇಲೆ ಕೋಳಿಗಳನ್ನೇ ಎಸೆದರು.

ನಾನು ಹೇಳೋದು ಇಷ್ಟೇ. ಕಂಪನಿಯ ಗಳಿಕೆ ನಿಮಗ ಮರಿ ಮಾರೋದರಿಂದ ಬರ್ತದೋ, ಊಟ ಮಾಡೋರಿಗೆ ಮಾಂಸ ಮಾರೋದರಿಂದ ಬರ್ತದೋ ಕೇಳ್ರಿ. ಮೊದಲನೇದಾದ್ರ ಅಲ್ಲಿ ಮಾಲು ಕೋಳಿ ಅಲ್ಲ, ನೀವೇ. ಏಜೆಂಟ್ ಜಗ್ಗೋದೆಲ್ಲ ಮಾತಾಡ್ತಾನ, ‘ನೀವು ವಾಪಸ್ ಕೊಳ್ಳಲಿಲ್ಲ ಅಂದ್ರ ಇದನ್ನ ಕಲಬುರಗಿ ಪ್ಯಾಟಿಯಾಗ ಯಾವ ದರಕ್ಕ ಮಾರಬೇಕು’ ಅಂದಾಗ ಸುಮ್ಮನಾಗ್ತಾನ. ತೊಗರಿ ದರ ಬಿದ್ದರೂ ಅದಕ್ಕ ಎಪಿಎಂಸಿ ಅದ, ದಾಲ್ ಮಿಲ್ ಅದಾವ. ಒಬ್ಬನೇ ಗಿರಾಕಿ ಇರೋ ಮಾಲಿಗೆ ಏನದ?

ದೊಡ್ಡ ಬ್ರ್ಯಾಂಡಿನ ಹೆಸರು ಕಂಡ ಮಾತ್ರಕ್ಕ ನಂಬಬ್ಯಾಡ್ರಿ. ಅಮುಲ್ ಹೆಸರಿನ ನಕಲಿ ವೆಬ್‌ಸೈಟ್ ಮಾಡಿ ಫ್ರಾಂಚೈಸಿ ಕೊಡಿಸ್ತೀವಿ ಅಂತ ಹಣ ಕಿತ್ತವರ ವಿರುದ್ಧ 2020ರಲ್ಲಿ ಆ ಸಂಸ್ಥೆಯೇ ದಿಲ್ಲಿ ಹೈಕೋರ್ಟಿಗೆ ಹೋಗಬೇಕಾಯಿತು. ಆನ್‌ಲೈನಿನಾಗ ಹಣ ಹೋಗಿಬಿಟ್ಟರೆ ಅದೇ ತಾಸಿನೊಳಗ 1930ಕ್ಕೆ ಫೋನ್ ಮಾಡ್ರಿ, ನಾಳಿಗೆ ಅಂತ ಬಿಡಬ್ಯಾಡ್ರಿ.

ಮೋಸ ಆದ ಮ್ಯಾಲ ಊರಾಗ ಬರೋ ಮೊದಲ ಮಾತು ‘ಹುಡುಗ ಆಸೆಬುರುಕ’ ಅಂತ. ನನಗ ಈ ಮಾತು ಸೇರಂಗಿಲ್ಲ. ಮಳಿ ನಂಬಿ ಬಿತ್ತೋನು ತಿಂಗಳಾ ಒಂದಿಷ್ಟು ಬರ್ಲಿ ಅಂದ್ರ ಅದು ದುರಾಸೆ ಹೆಂಗಾಗ್ತದ? ಸುಳ್ಳು ಹೇಳಿ ರೊಕ್ಕ ಇಸಕೊಂಡೋನದು ತಪ್ಪು. ಆ ಅವಮಾನಕ್ಕ ಹೆದರಿ ಹುಡುಗರು ದೂರು ಕೊಡದೇ ಕೂಡ್ತಾರ, ಏಜೆಂಟನಿಗೆ ಅದೇ ಬೇಕಾಗಿರೋದು.

ಕಂಪನಿಯವರು ಎರಡನೇ ಮಾತು ಹೇಳ್ತಾರ: ‘ಇದು ವ್ಯಾಪಾರ, ನಷ್ಟ ನಿಮ್ಮದು, ನೀವು ಗ್ರಾಹಕರಲ್ಲ.’ ಅದು ಕೋರ್ಟಿನಾಗ ನಿಂತಿಲ್ಲ. ವಾಪಸ್ ಕೊಳ್ತೀವಿ ಅಂತ ಮುಸ್ಲಿ ಬೆಳೆಸಿ ಕೈಬಿಟ್ಟ ನಂದನ್ ಬಯೋಮ್ಯಾಟ್ರಿಕ್ಸ್ ಕಂಪನಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2020ರ ಮಾರ್ಚಿನಲ್ಲಿ, ಬೆಳೆ ಅದೇ ಕಂಪನಿಗೆ ಮಾರೋ ಕರಾರಿದ್ದರೂ ಹೊಟ್ಟೆಪಾಡಿಗೆ ಬೆಳೆಯೋ ರೈತ ಗ್ರಾಹಕನೇ ಅಂತ ಹೇಳಿತು.

ಹಿಂಗಾಗಿ ಏಜೆಂಟ್ ಕಳಿಸಿದ ಜಾಹೀರಾತು, ವಾಯ್ಸ್ ಮೆಸೇಜು, ಯುಪಿಐ ರಸೀದಿ ಯಾವುದನ್ನೂ ಅಳಿಸಬ್ಯಾಡ್ರಿ, ಅವೇ ಸಾಕ್ಷಿ. ಮೊದಲು 1915ಕ್ಕೆ ಫೋನ್ ಮಾಡಿ ಕೇಳಬಹುದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ದೂರುದಾರ ಇರೋ ಊರಿನ ಜಿಲ್ಲಾ ಆಯೋಗದಲ್ಲೇ ದೂರು ಹಾಕಬಹುದು. ಕಂಪನಿ ಪುಣೆಯಾಗಿರಲಿ, ಹೈದರಾಬಾದಿನಾಗಿರಲಿ, ಕೇಸು ನಡೆಯೋದು ಕಲಬುರಗಿಯಾಗ. ನೀವು ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕ ಇಲ್ಲ, ಆದರೆ ಎರಡು ವರ್ಷದೊಳಗ ದೂರು ಹಾಕಬೇಕು. ‘ಮುಂದಿನ ತಿಂಗಳು ಕೊಡ್ತೀವಿ’ ಅಂತ ಅವರು ದಿನ ದೂಡೋದು ಈ ಎರಡು ವರ್ಷ ಕಳೀಲಿ ಅಂತಲೇ.