ಕಡುಬಿನ ಹಿಂದಿನ ಕೊಳಗ

ದಸರೆ ಬಂತೆಂದರೆ ಶಿವಮೊಗ್ಗಕ್ಕೆ ಆಹಾರ ದಸರಾವೂ ಬರುತ್ತದೆ. ಇಡ್ಲಿ ತಿನ್ನುವ ಸ್ಪರ್ಧೆಗೆ ಜನ ಮುಗಿಬೀಳುತ್ತಾರೆ. ಅಕ್ಕಿ ರೊಟ್ಟಿ, ಕಡುಬು, ಪತ್ರೊಡೆ, ಅಪ್ಪೆಮಿಡಿಯೆಲ್ಲ ‘ಮಲೆನಾಡಿನ ಸಂಪ್ರದಾಯ’ವೆಂದು ಬಿಕರಿಯಾಗುತ್ತವೆ. ರುಚಿಯ ಬಗ್ಗೆ ತಕರಾರಿಲ್ಲ. ಆದರೆ ನಾವು ಸಂಪ್ರದಾಯವೆಂದು ಉಣ್ಣುತ್ತಿರುವುದು ಕೆಲವೇ ಮನೆಗಳ ಹಬ್ಬದಡುಗೆಯನ್ನು. ಉಳಿದವರ ಅಡುಗೆಯ ಚರಿತ್ರೆ ಹಸಿವು, ಗೇಣಿ, ಪಾಳಿ ಮತ್ತು ಕಾನೂನುಗಳಲ್ಲಿ ಹೂತುಹೋಗಿದೆ.

ಅಪ್ಪೆಮಿಡಿಯನ್ನೇ ನೋಡಿ. ಹೊಳೆದಂಡೆಯ ಮರದಿಂದ ಇಳಿಸಿದ ಎಳೆಮಿಡಿಯನ್ನು ತೊಟ್ಟು ಸಮೇತ ಭರಣಿಗೆ ತುಂಬಿ, ಉಪ್ಪು ಹಾಕಿ, ಸುರುಟುವ ತನಕ ಬಿಟ್ಟು, ಅದೇ ಉಪ್ಪುನೀರಿಗೆ ಮೆಣಸಿನಕಾಯಿ, ಸಾಸಿವೆ ಅರೆದು ಬೆರೆಸುತ್ತಾರೆ. ಎಣ್ಣೆಯ ಹಂಗಿಲ್ಲ, ವರ್ಷಗಟ್ಟಲೆ ಕೆಡುವುದೂ ಇಲ್ಲ. ಅನಾದಿಯಿಂದ ಬಂದದ್ದೆಂಬಂತೆ ಕಾಣುವ ಈ ಉಪ್ಪಿನಕಾಯಿಯ ಮೆಣಸಿನಕಾಯಿ ಅಮೆರಿಕ ಖಂಡದ್ದು, ಪೋರ್ಚುಗೀಸರ ಹಡಗಿನಲ್ಲಿ ಬಂದದ್ದು. 1500ಕ್ಕೆ ಮುಂಚೆ ಇಲ್ಲಿ ಖಾರವೆಂದರೆ ಕಾಳುಮೆಣಸು. ಆ ಕಾಳುಮೆಣಸನ್ನೂ ಅಕ್ಕಿಯನ್ನೂ ಕೆಳದಿಯ ಅರಸರು ಘಟ್ಟದ ಕೆಳಗಿಳಿಸಿ ಪೋರ್ಚುಗೀಸರಿಗೆ ಮಾರಿದರು. ಅದೇ ಮನೆತನದ ಬಸವಪ್ಪ ನಾಯಕ 18ನೇ ಶತಮಾನದ ಆರಂಭದಲ್ಲಿ ರಚಿಸಿದ ‘ಶಿವತತ್ತ್ವರತ್ನಾಕರ’ ಅಡುಗೆಯನ್ನೂ ವಿವರಿಸುತ್ತದೆ. ಅರಮನೆಯ ಪಾಕ ಗ್ರಂಥಕ್ಕೇರಿತು. ಆ ಅಕ್ಕಿ ಬೆಳೆದವರು ಏನುಂಡರು ಎಂಬುದನ್ನು ಬರೆದಿಡುವ ಗರಜು ಯಾರಿಗೂ ಇರಲಿಲ್ಲ.

ಅವರ ಊಟದ ಪ್ರಶ್ನೆ ಬೀದಿಗೆ ಬಂದದ್ದು ಬಹಳ ತಡವಾಗಿ. 1951ರಲ್ಲಿ ಸಾಗರ ಸೀಮೆಯ ಕಾಗೋಡಿನಲ್ಲಿ ದೀವರ ಸಮುದಾಯದ ಗೇಣಿದಾರರು ತಿರುಗಿಬಿದ್ದಾಗ ಜಗಳಕ್ಕೆ ಮೂಲವಾಗಿದ್ದು ಕೊಳಗ, ಭತ್ತ ಅಳೆಯುವ ಒಂದು ಪಾತ್ರೆ. ಗೇಣಿ ಅಳೆಯಲು ಭೂಮಾಲೀಕರು ಇಟ್ಟುಕೊಂಡಿದ್ದ ಕೊಳಗ ಸರ್ಕಾರಿ ಅಳತೆಗಿಂತ ದೊಡ್ಡದು. ಎಚ್. ಗಣಪತಿಯಪ್ಪನವರ ಮುಂದಾಳತ್ವದ ಆ ಸತ್ಯಾಗ್ರಹಕ್ಕೆ ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಬಂದರು, ಬಂಧನಕ್ಕೊಳಗಾದರು. ಅಳತೆಯಲ್ಲಿ ಹೋದ ಭತ್ತ ನೇರವಾಗಿ ಗೇಣಿದಾರರ ಗಂಗಾಳದಿಂದಲೇ ಹೋಗುತ್ತಿತ್ತಲ್ಲ! ಗೇಣಿ ಕೊಟ್ಟು ಮಿಕ್ಕಿದ್ದು ಮಳೆಗಾಲ ದಾಟಿಸುತ್ತಿರಲಿಲ್ಲ. ಆ ಕೊರತೆ ತುಂಬಿಕೊಟ್ಟಿದ್ದು ಕಾಡು ಮತ್ತು ಹಳ್ಳ: ಕಳಲೆ, ಕೆಸು, ಹಲಸಿನ ಬೀಜ, ಏಡಿ, ಮೊದಲ ಮಳೆಗೆ ಏರಿ ಬರುವ ಹತ್ತುಮೀನು.

ಕಳಲೆಯನ್ನು ಹಸಿಯಾಗಿ ತಿನ್ನುವಂತಿಲ್ಲ, ಅದರಲ್ಲಿ ಸಯನೈಡ್ ಹುಟ್ಟಿಸುವ ಅಂಶವಿದೆ. ಸಿಪ್ಪೆ ಸುಲಿದು, ತೆಳ್ಳಗೆ ಹೆಚ್ಚಿ, ಎರಡು ಮೂರು ದಿನ ನೆನೆಹಾಕಿ, ದಿನವೂ ನೀರು ಚೆಲ್ಲಿ ಹೊಸ ನೀರು ಹಾಕಬೇಕು. ಕೆಸುವಿನ ತುರಿಕೆ ಇಳಿಯಲು ಹುಳಿ ಬೇಕು. ಇಂಥ ಸೂಕ್ಷ್ಮಗಳನ್ನು ಯಾರೂ ಶೋಕಿಗೆ ಕಲಿತವರಲ್ಲ. ಭೂಮಿ ಹುಣ್ಣಿಮೆಯ ನಸುಕಿನಲ್ಲಿ, ಹೆಂಗಸರು ಚಿತ್ತಾರ ಬರೆದ ಭೂಮಣ್ಣಿ ಬುಟ್ಟಿಯೊಡನೆ ಗದ್ದೆಗೆ ಹೋಗಿ ಬೀರುವ ಹಚ್ಚಂಬಲಿಯಲ್ಲೂ ಇರುವುದು ಕಾಡು-ಹಿತ್ತಲಿನ ಹತ್ತಾರು ಸೊಪ್ಪುಗಳೇ. ಬಸುರಿ ಭೂಮಿಗೆ ಬಯಕೆಯೂಟ ಹಾಕುವವರು ತಾವು ಉಣ್ಣುವುದನ್ನೇ ಬಡಿಸುತ್ತಾರೆ.

ಸಂಪ್ರದಾಯದ ಪಟ್ಟಿಯಲ್ಲಿ ಭದ್ರಾವತಿಯ ಹೆಸರು ಬರುವುದೇ ಅಪರೂಪ. ಬೆಂಕಿಪುರವಾಗಿದ್ದ ಈ ಊರಲ್ಲಿ 1923ರಲ್ಲಿ ಕಬ್ಬಿಣದ ಕುಲುಮೆ ಹೊತ್ತಿತು. 1930ರ ದಶಕದಲ್ಲಿ ಕಾಗದದ ಕಾರ್ಖಾನೆ ಸೇರಿಕೊಂಡಿತು. ತಮಿಳು, ತೆಲುಗು, ಮಲಯಾಳ, ಉರ್ದು ಆಡುವವರು ಕೂಲಿಗೆ ಬಂದರು. ಊಟದ ಹೊತ್ತನ್ನು ಸೈರನ್ ಗೊತ್ತುಮಾಡಿತು. 250ಕ್ಕಿಂತ ಹೆಚ್ಚು ಕಾರ್ಮಿಕರಿರುವ ಕಡೆ ಕ್ಯಾಂಟೀನ್ ತೆರೆಸಲು 1948ರ ಕಾರ್ಖಾನೆ ಕಾಯ್ದೆ ಅವಕಾಶ ಕೊಟ್ಟಿತು. ಪಂಕ್ತಿಭೇದ ರೂಢಿಯಾಗಿದ್ದ ಜಿಲ್ಲೆಗೆ ಒಂದೇ ಬೆಂಚಿನಲ್ಲಿ ಪಕ್ಕಪಕ್ಕ ಕೂತು ತಿನ್ನುವುದನ್ನು ಭಾಷಣಗಳಿಗಿಂತ ಹೆಚ್ಚಾಗಿ ಈ ಕ್ಯಾಂಟೀನುಗಳು ಕಲಿಸಿದವು ಎಂದೇ ನನ್ನ ನಂಬಿಕೆ. ಪೇಪರ್ ಟೌನಿನ ಇಡ್ಲಿ-ಸಾಂಬಾರು ವಲಸೆಯದ್ದು, ಆದ್ದರಿಂದ ನಮ್ಮದಲ್ಲ ಎನ್ನುವವರು ಇಡ್ಲಿಯ ಜಾತಕವನ್ನೂ ತೆಗೆಯಬೇಕಾಗುತ್ತದೆ. 10ನೇ ಶತಮಾನದ ‘ವಡ್ಡಾರಾಧನೆ’ಯಲ್ಲಿ ಇಡ್ಡಲಿಗೆ ಇದೆ, ನಿಜ. 1025ರ ಸುಮಾರಿನ ‘ಲೋಕೋಪಕಾರ’ದ ಇಡ್ಲಿಯಾದರೋ ಬರೀ ಉದ್ದಿನದು, ಅಕ್ಕಿಯ ಸುಳಿವಿಲ್ಲ. ಇಂದು ಸ್ಪರ್ಧೆಯಲ್ಲಿ ನುಂಗುವ ಇಡ್ಲಿ ಆ ಕಾಲದವರಿಗೆ ಗುರುತೇ ಸಿಗಲಿಕ್ಕಿಲ್ಲ.

ಪಾನೀಯದ ವಿಷಯದಲ್ಲಿ ನಮ್ಮ ಮಡಿ ಇನ್ನೂ ಜಾಸ್ತಿ. ಕಷಾಯ, ಪಾನಕ, ಮುರುಗಲ ಶರಬತ್ತಿಗೆ ಜಾಗವುಂಟು, ಬಗನಿ ಕಳ್ಳಿನ ಸುದ್ದಿಯೇ ಇಲ್ಲ. ಕುವೆಂಪು ಅವರ ‘ಕಾನೂರು ಹೆಗ್ಗಡಿತಿ’ಯಿಂದ ಕಳ್ಳು ತೆಗೆದುಹಾಕಿದರೆ ಜಗಳಗಳಲ್ಲಿ ಎಷ್ಟು ಉಳಿದಾವು? ಸೇಂದಿಗೆ ಈಗ ಕರಾವಳಿಯ ದಕ್ಷಿಣ ಕನ್ನಡ, ಉಡುಪಿಯಲ್ಲಷ್ಟೇ ಅವಕಾಶ. 2007ರಲ್ಲಿ ಸಾರಾಯಿಯೂ ನಿಂತಿತು. ಕಳ್ಳು ಮನೆಗಳನ್ನು ಹಾಳು ಮಾಡಿದ್ದು ಸುಳ್ಳಲ್ಲ. ಆದರೆ ಕುಡಿತ ನಿಲ್ಲಲಿಲ್ಲ, ಮರದಿಂದ ಬಾಟಲಿಗೆ ಬದಲಾಯಿತು. ಮರ ಹತ್ತುವವನ ಕಸುಬು ಹೋಯಿತು, ದುಡ್ಡು ಊರಾಚೆ ಹರಿಯಿತು.

1974ರ ಭೂ ಸುಧಾರಣೆ ಗೇಣಿದಾರನನ್ನು ಒಡೆಯನನ್ನಾಗಿಸಿತು, ಕೊಳಗದ ಕಾಟ ತಪ್ಪಿತು. ಅದಕ್ಕೂ ಮೊದಲೇ ಭದ್ರಾ ನಾಲೆಯ ನೀರು ಭತ್ತ, ಕಬ್ಬನ್ನು ತಂದಿತ್ತು. ಈಗ ಅದೇ ಗದ್ದೆಗಳಲ್ಲಿ ಅಡಿಕೆ ಸಸಿಗಳ ಸಾಲು. ನಾಟಿಗೆ ಆಳಿಲ್ಲ, ಭತ್ತಕ್ಕೆ ದರವಿಲ್ಲ, ಅಡಿಕೆಗಾದರೆ ಮಂಡಿಯಿದೆ, 1939ರಷ್ಟು ಹಿಂದೆಯೇ ಹುಟ್ಟಿದ ಅಡಿಕೆ ಮಾರಾಟ ಸಹಕಾರ ಸಂಘ ಮ್ಯಾಮ್ಕೋಸ್ ಇದೆ. ರೈತನನ್ನು ದೂರುವಂತಿಲ್ಲ. 2013ರಲ್ಲಿ ಬಂದ ಅನ್ನಭಾಗ್ಯ ಹಸಿದ ಮನೆಗಳಿಗೆ ನಿಜಕ್ಕೂ ಅನ್ನ ಕೊಟ್ಟಿತು. ಮಲೆನಾಡಿನ ಎಷ್ಟೋ ಮನೆಗಳಲ್ಲಿ ಕಡುಬಿನ ತರಿ ಈಗ ರೇಷನ್ ಅಕ್ಕಿಯದು.

ಹೀಗಿರುವಾಗ ಪರಂಪರೆಯ ರಕ್ಷಣೆ ಮಳಿಗೆ, ಬಹುಮಾನಗಳಿಂದ ಆಗುವ ಕೆಲಸವಲ್ಲ. ಕಳಲೆ ಉಳಿಯಬೇಕಾದರೆ ಬಿದಿರು ಮೆಳೆಗೆ ಕೈಹಾಕುವ ಹಕ್ಕು ಉಳಿಯಬೇಕು. 2006ರ ಅರಣ್ಯ ಹಕ್ಕು ಕಾಯ್ದೆ ಬಿದಿರನ್ನು ಕಿರು ಅರಣ್ಯ ಉತ್ಪನ್ನವೆಂದು ಒಪ್ಪಿದೆ. ಆದರೆ ಪರಿಶಿಷ್ಟ ಪಂಗಡಕ್ಕೆ ಸೇರದವರು 2005ಕ್ಕೆ ಮುಂಚಿನ ಮೂರು ತಲೆಮಾರು, ಅಂದರೆ 75 ವರ್ಷ, ಕಾಡನ್ನು ನೆಚ್ಚಿ ಅಲ್ಲೇ ಬದುಕಿದ್ದಕ್ಕೆ ಸಾಕ್ಷ್ಯ ಒದಗಿಸಬೇಕು. ದೀವರು ಪರಿಶಿಷ್ಟ ಪಂಗಡಗಳ ಪಟ್ಟಿಯಲ್ಲಿಲ್ಲ. 1960ರ ದಶಕದಲ್ಲಿ ಲಿಂಗನಮಕ್ಕಿ ಅಣೆಕಟ್ಟೆಯ ನೀರಿಗೆ ಮನೆ ಬಿಟ್ಟು ಶಿವಮೊಗ್ಗ ತಾಲ್ಲೂಕಿನ ಕಾಡಂಚಿಗೆ ಬಂದವರು 2005ಕ್ಕೆ ಹಿಂದಿನ 75 ವರ್ಷಗಳ ಲೆಕ್ಕವನ್ನು ಎಲ್ಲಿಂದ ತರಬೇಕು?