ಔಷಧಿ ಸಿಂಪಡಿಸುವವನ ರಕ್ತಪರೀಕ್ಷೆಯೂ ಬೆಳಕಿನ ತಂತುವೂ

ಪೈರಿನ ಹುಳುವನ್ನು ಕೊಲ್ಲುವ ಔಷಧಿಯ ಗುಣಾವಗುಣಗಳನ್ನು ವಿಚಾರಿಸುವವರು ಅನೇಕರುಂಟು; ಅದನ್ನು ಬೆನ್ನ ಮೇಲೆ ಹೊತ್ತು ಸಿಂಪಡಿಸುವವನ ದೇಹಸ್ಥಿತಿಯನ್ನು ವಿಚಾರಿಸುವವರು ವಿರಳ. ೨೦೧೭ನೆಯ ಇಸವಿಯಲ್ಲಿ ಮಹಾರಾಷ್ಟ್ರದ ಯವತಮಾಳ ಜಿಲ್ಲೆಯ ಹತ್ತಿಯ ಹೊಲಗಳಲ್ಲಿ ಔಷಧಿ ಸಿಂಪಡಿಸುತ್ತಿದ್ದವರ ಪೈಕಿ ಸುಮಾರು ೨೦ ಮಂದಿ ವಿಷವೇರಿ ಮೃತರಾದುದು ಈ ಉದಾಸೀನದ ಫಲವನ್ನು ತೋರಿಸುತ್ತದೆ.

ಆರ್ಗನೋಫಾಸ್ಫೇಟ್ ಮತ್ತು ಕಾರ್ಬಮೇಟ್ ವರ್ಗದ ಕೀಟನಾಶಕಗಳು ನರಗಳ ಕಾರ್ಯಕ್ಕೆ ಅವಶ್ಯವಾದ ಕೋಲಿನ್‌ಎಸ್ಟರೇಸ್ ಎಂಬ ಕಿಣ್ವವನ್ನು ಕುಂಠಿತಗೊಳಿಸುತ್ತವೆ. ಆದುದರಿಂದ ರಕ್ತದಲ್ಲಿ ಈ ಕಿಣ್ವದ ಚಟುವಟಿಕೆಯನ್ನು ಅಳೆದರೆ ಅಪಾಯವನ್ನು ಮುಂಚಿತವಾಗಿ ಅರಿಯಬಹುದು. ೧೯೬೧ರಲ್ಲಿ ಎಲ್‌ಮನ್ ಮತ್ತು ಅವರ ಸಂಗಡಿಗರು ಪ್ರಕಟಿಸಿದ ಕ್ರಮದಲ್ಲಿ, ಕಿಣ್ವವು ಚುರುಕಾಗಿದ್ದಷ್ಟೂ ಪರೀಕ್ಷಾದ್ರವವು ಬೇಗ ಹಳದಿಯಾಗುತ್ತದೆ. ಬೆಳಕಿನ ತಂತುವಿನ ಸಂವೇದಕಗಳು ಇಂಥ ಬಣ್ಣದ ಬದಲಾವಣೆಯನ್ನೇ ಅಳೆಯತಕ್ಕವು. ತೆಳ್ಳನೆಯ ಗಾಜಿನ ಎಳೆಯೊಳಗೆ ಹಾಯಿಸಿದ ಬೆಳಕು ತುದಿಯಲ್ಲಿ ಎಷ್ಟು ಹೀರಲ್ಪಟ್ಟಿತೆಂಬುದರಿಂದ ಕಿಣ್ವದ ಪ್ರಮಾಣವು ಗೊತ್ತಾಗುತ್ತದೆ. ಇದಕ್ಕೆ ಅಲ್ಪ ದ್ರವವೇ ಸಾಕು.

ಇಂಥ ಉಪಕರಣವು ಗ್ರಾಮಗಳಿಗೆ ಬರುವುದು ಅಪೇಕ್ಷಣೀಯವೇ ಸರಿ. ಆದರೆ ಉಪಕರಣವೊಂದರಿಂದಲೇ ರಕ್ಷಣೆಯು ದೊರೆಯಲಾರದು. ಈ ಕಿಣ್ವದ ಪ್ರಮಾಣವು ಮನುಷ್ಯನಿಂದ ಮನುಷ್ಯನಿಗೆ ಭಿನ್ನವಾಗಿರುವುದರಿಂದ, ಸಿಂಪಡಣೆಯ ಕಾಲಕ್ಕೆ ಮೊದಲೇ ಪ್ರತಿಯೊಬ್ಬನ ಸಹಜಮಟ್ಟವನ್ನು ಬರೆದಿಡತಕ್ಕದ್ದು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ೧೯೭೪ರಿಂದ ಇಂಥ ಪರೀಕ್ಷೆಯ ನಿಯಮವಿದೆ. ಅಲ್ಲಿ ಕೆಂಪು ರಕ್ತಕಣಗಳಲ್ಲಿನ ಕಿಣ್ವವು ಸಹಜಮಟ್ಟದ ಶೇಕಡಾ ೭೦ಕ್ಕೆ ಇಳಿದರೆ ಕೆಲಸಗಾರನನ್ನು ಈ ವಿಷಗಳ ಸಂಪರ್ಕದಿಂದ ಬಿಡಿಸಬೇಕು. ಶೇಕಡಾ ೮೦ಕ್ಕೆ ಏರುವವರೆಗೆ ಮರಳಿ ಹಚ್ಚಕೂಡದು.

ನಮ್ಮಲ್ಲಿ ಔಷಧಿ ಹೊಡೆಯುವವನು ಬಹುಮಟ್ಟಿಗೆ ದಿನಗೂಲಿಯವನು ಅಥವಾ ಸಣ್ಣ ಹಿಡುವಳಿಯ ರೈತನು. ಕೆಲಸ ಬಿಡೆಂದರೆ ಅಂದಿನ ಕೂಲಿಯು ಹೋಗುವುದಾದರೆ, ಅವನು ಪರೀಕ್ಷೆಗೆ ಬೆರಳನ್ನೇ ನೀಡನು. ಹೀಗಿರುವಲ್ಲಿ ಜಮೀನಿನ ಯಜಮಾನನು ಅವನಿಗೆ ಅದೇ ಕೂಲಿಯ ಮೇಲೆ ಕಳೆ ಕೀಳುವುದೇ ಮೊದಲಾದ ಬೇರೆ ಕೆಲಸವನ್ನು, ವಿಷ ಸೋಕದ ಹೊಲದಲ್ಲಿ, ಕೊಡುವುದು ನ್ಯಾಯ. ಉಪಕರಣದ ಬೆಲೆಯನ್ನು ಚರ್ಚಿಸುವವರು ಈ ಕೂಲಿಯನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಪರೀಕ್ಷೆಯಿದೆಯೆಂದು ಕೈಗವುಸನ್ನು ಬಿಡುವುದಾಗಲಿ, ಗಾಳಿಗೆ ಎದುರಾಗಿ ಸಿಂಪಡಿಸುವುದಾಗಲಿ ಅವಿವೇಕ. ವಿಷವು ಮೈಗೆ ತಾಗದಂತೆ ನೋಡಿಕೊಳ್ಳುವುದೇ ಮೊದಲನೆಯ ರಕ್ಷಣೆ. ತಾಗಿದ್ದನ್ನು ಕಾಲಕ್ಕೆ ಸರಿಯಾಗಿ ತಿಳಿಸುವುದು ಎರಡನೆಯದು. ಪೈರನ್ನು ಉಳಿಸಿಕೊಂಡು ಬೆಳೆದವನನ್ನು ಕಳೆದುಕೊಳ್ಳುವ ಬೇಸಾಯವು ಲಾಭದ ಬೇಸಾಯವಲ್ಲ.