ಸಣ್ಣ ದವಾಖಾನೆಗೆ ಕಂಪ್ಯೂಟರ್: ಬಿಲ್ಲಿನಿಂದ ಶುರುವಾಗಲಿ

ಆಹಾರ, ಅಭಯ, ಔಷಧ, ಶಾಸ್ತ್ರ ಎಂಬ ಚತುರ್ವಿಧ ದಾನಗಳಲ್ಲಿ ಔಷಧದಾನದ ಹೆಸರಿನಲ್ಲಿ ಸಮಾಜದ ಟ್ರಸ್ಟುಗಳೂ ವೈದ್ಯರೂ ನಡೆಸುವ ಸಣ್ಣ ದವಾಖಾನೆಗಳ ಬಾಗಿಲಿಗೂ ಈಗ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ಬಂದಿದೆ. 2021ರ ಸೆಪ್ಟೆಂಬರ್‌ನಲ್ಲಿ ದೇಶಾದ್ಯಂತ ಆರಂಭವಾದ ಈ ಯೋಜನೆಯಲ್ಲಿ ರೋಗಿಗೆ 14 ಅಂಕಿಯ ಆಭಾ ಸಂಖ್ಯೆ, ವೈದ್ಯರಿಗೂ ದವಾಖಾನೆಗೂ ಪ್ರತ್ಯೇಕ ನೋಂದಣಿ. ನೋಂದಣಿಗೆ ಶುಲ್ಕವಿಲ್ಲ. ಖರ್ಚು ಬರುವುದು ಆಮೇಲೆ, ತಂತ್ರಾಂಶಕ್ಕೆ ಮತ್ತು ಅದರ ಮುಂದೆ ಕೂರುವವರಿಗೆ.

ಒಬ್ಬ ಕಾಂಪೌಂಡರ್ ಚೀಟಿ ಬರೆದು, ಔಷಧಿ ಕೊಟ್ಟು, ಹಣವನ್ನೂ ಎಣಿಸುವ ಕಡೆ ದಾಖಲೆ ತುಂಬುವ ಕೆಲಸವೂ ಅವರ ತಲೆಗೇ ಬಂದರೆ ಸರತಿ ಬೆಳೆಯುತ್ತದೆ. ವಾರದೊಳಗೆ ಕಂಪ್ಯೂಟರಿಗೆ ಬಟ್ಟೆ ಹೊದಿಸಿಬಿಡುತ್ತಾರೆ. ಹಾಗಾಗಿ ಬಿಲ್ಲಿನಿಂದ ಶುರುಮಾಡುವುದೇ ಜಾಣತನ. ಶುಲ್ಕದ ಪಟ್ಟಿ ಪ್ರದರ್ಶಿಸುವುದನ್ನು 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ ಹೇಗೂ ಕಡ್ಡಾಯ ಮಾಡಿದೆ. ಅದನ್ನೇ ಕಂಪ್ಯೂಟರಿಗೆ ಹಾಕಿದರೆ ಅರ್ಧ ಕೆಲಸ ಮುಗಿದಂತೆ. ಕೊಟ್ಟ ರಿಯಾಯಿತಿಯೂ ಬಿಲ್ಲಿನಲ್ಲಿ ಕಾಣಲಿ. ದಾನಿಗಳಿಗೆ ಲೆಕ್ಕ ಒಪ್ಪಿಸುವ ಟ್ರಸ್ಟಿಗೆ ಇದಕ್ಕಿಂತ ಒಳ್ಳೆಯ ಪುರಾವೆ ಬೇರೆ ಸಿಗದು.

ಆದರೆ ಆಭಾ ಸ್ವಇಚ್ಛೆಯದು. ಅದಿಲ್ಲವೆಂದು ಯಾರನ್ನೂ ವಾಪಸು ಕಳುಹಿಸುವಂತಿಲ್ಲ. ದಾಖಲೆ ಹಂಚಲು ರೋಗಿಯ ಒಪ್ಪಿಗೆ ಬೇಕು. ರೋಗಿಯೂ ಟ್ರಸ್ಟಿಯೂ ಒಂದೇ ಬಸದಿಗೆ ಬರುವ ಊರುಗಳಲ್ಲಿ ಪಾಸ್‌ವರ್ಡ್ ಯಾರ ಕೈಯಲ್ಲಿರಬೇಕೆಂಬುದನ್ನು ಆಡಳಿತ ಮಂಡಳಿ ಮೊದಲ ದಿನವೇ ತೀರ್ಮಾನಿಸಬೇಕು.